ಚಿತ್ರ ನೋಡುವ ಮೊದಲು ಬಣ್ಣದ ಕಲ್ಲು ನೋಡಿ

ಗುಹೆಯ ಚಿತ್ರ ಎಂದ ಕೂಡಲೇ ಫ್ರಾನ್ಸ್, ಸ್ಪೇನ್ ದೇಶಗಳ ಹೆಸರು ನಾಲಿಗೆಯ ತುದಿಗೆ ಬರುತ್ತದೆ. ಅಲ್ಲಿಗೂ ಹೋಗೋಣ. ಅದಕ್ಕೆ ಮೊದಲು ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯ ಕೈಮೂರ್ ಬೆಟ್ಟಸಾಲಿಗೆ ಬನ್ನಿ. 1867-68ರ ಸುಮಾರಿಗೆ ಆರ್ಚಿಬಾಲ್ಡ್ ಕಾರ್ಲೈಲ್ ಎಂಬುವರು ಅಲ್ಲಿನ ಕಲ್ಲಾಸರೆಗಳನ್ನು ಹೊಕ್ಕು ನೋಡಿದರು. ಗೋಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳಿದ್ದವು. ಅವರ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಚಿತ್ರವನ್ನು ನೋಡುತ್ತ ನಿಂತುಬಿಡುತ್ತಿದ್ದರು. ಕಾರ್ಲೈಲ್ ನೆಲವನ್ನೂ ಕೆದಕಿದರು. ಯಾರೂ ಕದಡದ ಮಣ್ಣಿನಲ್ಲಿ ಪುಟ್ಟ ಪುಟ್ಟ ಕಲ್ಲಿನ ಉಪಕರಣಗಳು ಸಿಕ್ಕವು. ಅವುಗಳ ಜೊತೆಯಲ್ಲೇ ಆ ಕಡೆಯವರು ಗೇರೂ ಎನ್ನುವ, ನಾವು ಜಾಜು ಎನ್ನುವ ಕೆಂಪು ಕಲ್ಲಿನ ತುಂಡುಗಳೂ ಸಿಕ್ಕವು. ಆ ತುಂಡುಗಳ ಒಂದೊಂದು ಮಗ್ಗುಲು ತೇಯ್ದು ತೇಯ್ದು ಚಪ್ಪಟೆಯಾಗಿತ್ತು.

ಕಾರ್ಲೈಲ್ ಅವರ ಲೆಕ್ಕ ಸರಳವಾಗಿತ್ತು. ಈ ಸಣ್ಣ ಉಪಕರಣ ಬಳಸಿದವರೇ ಈ ಬಣ್ಣ ತೇಯ್ದವರು. ಹಾಗಿದ್ದರೆ ಗೋಡೆಯ ಚಿತ್ರಗಳಲ್ಲಿ ಕೆಲವಾದರೂ ಅವರವೇ, ಬಹಳ ಹಳೆಯವು. ಪಾಪ, ಅವರು ಅದನ್ನು ಪ್ರಕಟಿಸಲಿಲ್ಲ. ಟಿಪ್ಪಣಿಗಳು ಅಚ್ಚಾದದ್ದು 1906ರಲ್ಲಿ. ಅಷ್ಟರಲ್ಲಿ ಜಗತ್ತಿನ ಮೆಚ್ಚುಗೆಯೆಲ್ಲ ಸ್ಪೇನಿನ ಅಲ್ಟಮೀರಾ ಗುಹೆಯ ಪಾಲಾಗಿತ್ತು.

ಈ ತೇಯ್ದ ಮಗ್ಗುಲನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತಿನ ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅದರ ಸುತ್ತಲೇ ಇದೆ. ಆದಿಮಾನವರ ಚಿತ್ರ ಕಂಡಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ಇದರ ಅರ್ಥವೇನು ಎನ್ನುವುದು. ಬರೆದವರು ಇಲ್ಲ, ಅವರ ಭಾಷೆಯೂ ಇಲ್ಲ. ಅರ್ಥ ಅವರೊಂದಿಗೇ ಹೋಯಿತು. ಚಿತ್ರ ಬರೆದ ಕೆಲಸದ ಗುರುತುಗಳು ಮಾತ್ರ ಹೋಗಿಲ್ಲ. ಅಂಗಳದಲ್ಲಿ ಒಂದು ಚುಕ್ಕಿ ರಂಗೋಲಿ ಇದೆ ಎಂದುಕೊಳ್ಳಿ. ಹಬ್ಬಕ್ಕೆ ಇಟ್ಟದ್ದೋ, ದಿನನಿತ್ಯದ್ದೋ, ಯಾವ ದೇವರ ಹೆಸರಿನಲ್ಲೋ, ಹೊರಗಿನವನಿಗೆ ತಿಳಿಯುವುದಿಲ್ಲ. ಆದರೆ ಮೊದಲು ಚುಕ್ಕಿ ಬಿದ್ದಿವೆ, ಆಮೇಲೆ ಎಳೆ ಬಂದಿದೆ ಎನ್ನುವುದು ಯಾರಿಗಾದರೂ ಕಾಣುತ್ತದೆ. ಅಂದರೆ ಎಳೆ ಬರುವ ಮೊದಲೇ ಇಡೀ ರಂಗೋಲಿ ಇಟ್ಟವರ ತಲೆಯಲ್ಲಿತ್ತು. ಗುಹೆಯ ಗೋಡೆಯಲ್ಲಿ ನಾವು ಹುಡುಕಬೇಕಾದ ಮನಸ್ಸು ಈ ತರಹದ್ದು.

ಅಲ್ಟಮೀರಾದ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ಎಂಬ ಜಮೀನ್ದಾರರು ಗುಹೆಯ ನೆಲ ಅಗೆಯುತ್ತಿದ್ದಾಗ ಎಂಟು ವರ್ಷದ ಮಗಳು ಮರಿಯಾ ತಲೆ ಎತ್ತಿ ಚಾವಣಿಯಲ್ಲಿ ಬರೆದ ಬೈಸನ್ ಎಂಬ ಕಾಡುಕೋಣದಂತಹ ಪ್ರಾಣಿಗಳನ್ನು ಕಂಡಳು. ಮರುವರ್ಷ ಅಪ್ಪ ಪುಸ್ತಕ ಪ್ರಕಟಿಸಿದರು. ಫ್ರಾನ್ಸಿನ ಪಂಡಿತರು ಇದು ನಿನ್ನೆ ಮೊನ್ನೆ ಬರೆದದ್ದು ಎಂದು ತಳ್ಳಿಹಾಕಿದರು. ಹಾಗೆ ತಳ್ಳಿಹಾಕಿದವರಲ್ಲಿ ದೊಡ್ಡ ಹೆಸರಾದ ಎಮೀಲ್ ಕಾರ್ತಯಾಕ್ 1902ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಸೌತುವೊಲಾ 1888ರಲ್ಲೇ ತೀರಿಕೊಂಡಿದ್ದರು. ಕಲ್ಲಿನ ಕಾಲದ ಮನುಷ್ಯನಿಗೆ ಇಷ್ಟು ಚೆನ್ನಾಗಿ ಬರೆಯಲು ಬಾರದು ಎಂದು ಪಂಡಿತರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಆ ಚಾವಣಿ ಏನು ಹೇಳುತ್ತಿತ್ತು ಎಂದು ಮಾತ್ರ ಅವರು ನೋಡಲಿಲ್ಲ. ಅಲ್ಲಿ ಬಂಡೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ಬೈಸನ್ ಮೈ ಕೂತಿದೆ. ಯಾರೋ ದೀಪ ಹಿಡಿದು ಚಾವಣಿ ನೋಡಿದ್ದಾರೆ, ಬರೀ ಉಬ್ಬಿನಲ್ಲಿ ಪ್ರಾಣಿಯನ್ನು ಕಂಡಿದ್ದಾರೆ, ಬಣ್ಣ ಹಚ್ಚಿದ್ದು ಅದರ ನಂತರ.

ಈಗ ಆಫ್ರಿಕಾಕ್ಕೆ ಹೋಗೋಣ. ದಕ್ಷಿಣ ಆಫ್ರಿಕಾದ ಕಡಲ ದಂಡೆಯಲ್ಲಿ ಬ್ಲೋಂಬೋಸ್ ಎಂಬ ಚಿಕ್ಕ ಗುಹೆಯಿದೆ. ಕ್ರಿಸ್ಟೋಫರ್ ಹೆನ್‌ಶಿಲ್‌ವುಡ್ ಮತ್ತು ಸಂಗಡಿಗರು ಅಲ್ಲಿ ಬಹಳ ವರ್ಷ ಅಗೆದರು. 2011ರಲ್ಲಿ ಅವರು ಪ್ರಕಟಿಸಿದ ಶೋಧ ನನ್ನ ಮಟ್ಟಿಗೆ ಯಾವ ಗುಹಾಚಿತ್ರಕ್ಕೂ ಕಡಿಮೆಯಲ್ಲ, ಅದರಲ್ಲಿ ಚಿತ್ರವೇ ಇಲ್ಲದಿದ್ದರೂ. ಸುಮಾರು 1 ಲಕ್ಷ ವರ್ಷ ಹಳೆಯ ಪದರದಲ್ಲಿ ಎರಡು ದೊಡ್ಡ ಕಡಲ ಚಿಪ್ಪುಗಳು ಸಿಕ್ಕವು. ಅಬಲೋನಿ ಎನ್ನುತ್ತಾರೆ, ಬಾಯಿ ಅಗಲ, ಒಳಗೆ ಬಟ್ಟಲಿನ ಹಾಗೆ. ಒಳಮೈಗೆ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಪರೀಕ್ಷಿಸಿದರೆ ಅದು ಬರೀ ಜಾಜಿನ ಪುಡಿಯಲ್ಲ. ಇದ್ದಿಲು ಬೆರೆಸಿದ್ದಾರೆ. ಪ್ರಾಣಿಯ ಮೂಳೆಯನ್ನು ಬಿಸಿ ಮಾಡಿ ಜಜ್ಜಿ ಹಾಕಿದ್ದಾರೆ, ಮಜ್ಜೆಯ ಜಿಡ್ಡಿಗಾಗಿ ಇರಬೇಕು. ಯಾವುದೋ ದ್ರವ ಸುರಿದು ಮೆತ್ತಗೆ ಕಲಸಿದ್ದಾರೆ. ಪಕ್ಕದಲ್ಲೇ ಅರೆಯುವ ಕಲ್ಲು, ಕುಟ್ಟುವ ಕಲ್ಲು ಇದ್ದವು.

ಇದನ್ನು ಮಾಡಿದವರ ತಲೆಯೊಳಗೆ ಏನೇನು ನಡೆದಿರಬೇಕು ಎಂದು ಯೋಚಿಸಿ. ಚಿಪ್ಪು ಸಮುದ್ರದ್ದು, ಜಾಜು ನೆಲದ್ದು, ಮೂಳೆ ಬೇಟೆಯದ್ದು, ಇದ್ದಿಲು ಒಲೆಯದ್ದು. ಒಂದೊಂದು ಒಂದೊಂದು ಕಡೆಯಿಂದ, ಒಂದೊಂದು ಹೊತ್ತಿನಲ್ಲಿ ಬರಬೇಕು. ಸಿಕ್ಕಿದ ದಿನ ಅವು ಯಾವುದಕ್ಕೂ ಪ್ರಯೋಜನವಿಲ್ಲ, ಬಣ್ಣ ಕಲಸುವ ದಿನಕ್ಕಾಗಿ ತೆಗೆದಿಡಬೇಕು. ಯಾವುದಕ್ಕೆ ಯಾವುದನ್ನು, ಎಷ್ಟು ಸೇರಿಸಬೇಕೆಂಬ ಪಾಕ ಗೊತ್ತಿರಬೇಕು, ಆ ಪಾಕವನ್ನು ಯಾರೋ ಯಾರಿಗೋ ಕಲಿಸಿರಬೇಕು. ಆ ಬಣ್ಣವನ್ನು ಅವರು ಮೈಗೆ ಬಳಿದುಕೊಂಡರೋ, ತೊಗಲಿಗೆ ಹಚ್ಚಿದರೋ ಹೇಳುವಂತಿಲ್ಲ. ನಾಳೆಯನ್ನು ಇಂದೇ ಕಾಣುವ ಮನಸ್ಸು ಅಲ್ಲಿತ್ತು ಎಂದು ಹೇಳಲು ಅದರ ಅಗತ್ಯವೂ ಇಲ್ಲ.

ಅದೇ ಗುಹೆಯ ಇನ್ನೊಂದು ವಸ್ತು 2018ರಲ್ಲಿ ಸುದ್ದಿಯಾಯಿತು. ಸುಮಾರು 73,000 ವರ್ಷ ಹಳೆಯದು, ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾದ ಕಲ್ಲಿನ ಚಕ್ಕೆ. ಅದರ ಮೇಲೆ ಆರು ಕೆಂಪು ಗೆರೆ, ಅವನ್ನು ಅಡ್ಡವಾಗಿ ಕತ್ತರಿಸುವ ಮೂರು ಗೆರೆ, ಇಷ್ಟೇ. ಜಾಜಿನ ತುಂಡನ್ನೇ ಬಳಪದಂತೆ ಹಿಡಿದು ಎಳೆದದ್ದು. ಪತ್ರಿಕೆಗಳು ಇದನ್ನು ಮನುಷ್ಯ ಬರೆದ ಮೊದಲ ಚಿತ್ರ ಎಂದು ಕರೆದವು. ನನಗೆ ಆ ‘ಮೊದಲ’ ಎಂಬ ಮಾತಿನ ಮೇಲೆ ನಂಬಿಕೆ ಕಡಿಮೆ. ಗಮನಿಸಬೇಕಾದದ್ದು ಬೇರೆ ಇದೆ. ಗೆರೆಗಳು ಚಕ್ಕೆಯ ಅಂಚಿಗೆ ಬಂದು ತಟ್ಟನೆ ನಿಂತಿವೆ, ಕ್ರಮೇಣ ತೆಳುವಾಗಿ ಮುಗಿದಿಲ್ಲ. ಅಂದರೆ ಚಿತ್ರ ದೊಡ್ಡದಿತ್ತು, ಕಲ್ಲು ಒಡೆಯಿತು, ನಮಗೆ ಸಿಕ್ಕಿದ್ದು ಒಂದು ಚೂರು. ನಮ್ಮ ಸಾಕ್ಷ್ಯಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಮರ, ತೊಗಲು, ತೊಗಟೆ, ಮೈಮೇಲಿನ ಬಣ್ಣ, ಹಾಡು ಇವೆಲ್ಲ ಹೋಗಿ ಕಲ್ಲು ಮಾತ್ರ ಉಳಿದಿದೆ. ನಮ್ಮದೇ ಜೀವಜಾತಿಯ, ಅಂದರೆ ಹೋಮೋ ಸೇಪಿಯನ್ಸ್ ಮನುಷ್ಯರ ಎಲುಬುಗಳು ಮೊರೊಕ್ಕೊದಲ್ಲಿ ಸುಮಾರು 3 ಲಕ್ಷ ವರ್ಷದಷ್ಟು ಹಳೆಯವು ಸಿಕ್ಕಿವೆ. ಅಷ್ಟು ಕಾಲ ಸುಮ್ಮನಿದ್ದು ಒಂದು ದಿನ ಏಕಾಏಕಿ ಚಿತ್ರ ಬರೆಯಲು ಎದ್ದರೆಂದು ನಾನು ನಂಬಲಾರೆ.

ಹಾಗೆಂದು ಕಂಡ ಗೀರಿನಲ್ಲೆಲ್ಲ ಕಲೆ ಹುಡುಕುವುದೂ ಸರಿಯಲ್ಲ. ಜಾವಾದ ಟ್ರಿನಿಲ್ ಎಂಬಲ್ಲಿ 1890ರ ದಶಕದಲ್ಲಿ ಯೂಜೀನ್ ದುಬ್ವಾ ಕೂಡಿಸಿದ ಚಿಪ್ಪುಗಳು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಬಿದ್ದಿದ್ದವು. ಅವುಗಳಲ್ಲಿ ಒಂದರ ಮೇಲೆ ಅಂಕುಡೊಂಕು ಗೆರೆಯಿದೆ ಎಂದು 2014ರಲ್ಲಿ ಪ್ರಕಟವಾಯಿತು. ಕಾಲ ಸುಮಾರು 5 ಲಕ್ಷ ವರ್ಷ, ಗೀರಿದ್ದು ನಮಗಿಂತ ಹಿಂದಿನ ಮಾನವ ಜೀವಜಾತಿಯಾದ ಹೋಮೋ ಎರೆಕ್ಟಸ್. ಗೆರೆ ಉದ್ದೇಶಪಟ್ಟು ಎಳೆದದ್ದೇ ಹೌದು. ಆದರೆ ಒಂದು ಚಿಪ್ಪಿನಿಂದ ಒಂದು ರೂಢಿಯನ್ನು ಕಟ್ಟಲಾಗುವುದಿಲ್ಲ. ಬ್ಲೋಂಬೋಸ್‌ನಲ್ಲಿ ಗೀರಿದ ಜಾಜಿನ ತುಂಡುಗಳು ಬೇರೆ ಬೇರೆ ಪದರಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಆ ಮರುಕಳಿಕೆಯೇ ಅಲ್ಲಿನ ಬಲ.

ಕಾಲ ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೀರಿ. ಇದ್ದಿಲಿನಲ್ಲಿ ಬರೆದಿದ್ದರೆ ಕಾರ್ಬನ್ ಪರೀಕ್ಷೆ ಮಾಡಬಹುದು, ಇದ್ದಿಲು ಒಂದು ಕಾಲಕ್ಕೆ ಮರವಾಗಿತ್ತಲ್ಲ. ಜಾಜು ಖನಿಜ, ಅದಕ್ಕೆ ಆ ಪರೀಕ್ಷೆ ನಡೆಯುವುದಿಲ್ಲ. ಸುಣ್ಣಕಲ್ಲಿನ ಗುಹೆಯಾದರೆ ಇನ್ನೊಂದು ದಾರಿ ಇದೆ. ಗೋಡೆಯಲ್ಲಿ ಜಿನುಗುವ ನೀರು ಚಿತ್ರದ ಮೇಲೆ ಸುಣ್ಣದ ತೆಳು ಪೊರೆ ಕಟ್ಟುತ್ತದೆ. ಆ ನೀರಿನಲ್ಲಿ ಯುರೇನಿಯಂ ಕರಗಿರುತ್ತದೆ, ಥೋರಿಯಂ ಕರಗುವುದಿಲ್ಲ. ಪೊರೆ ಕಟ್ಟಿದ ಮೇಲೆ ಒಳಗಿನ ಯುರೇನಿಯಂ ನಿಧಾನವಾಗಿ ಥೋರಿಯಂ ಆಗುತ್ತ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ಪೊರೆಯ ವಯಸ್ಸು ಸಿಗುತ್ತದೆ. ಕೆಳಗಿನ ಚಿತ್ರ ಕನಿಷ್ಠ ಅಷ್ಟು ಹಳೆಯದು. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಲಿಯಾಂಗ್ ಕರಂಪುವಾಂಗ್ ಗುಹೆಯಲ್ಲಿ ಒಂದು ಕಾಡುಹಂದಿ, ಅದರ ಸುತ್ತ ಮನುಷ್ಯರಂತಹ ಮೂರು ಆಕೃತಿಗಳಿರುವ ಚಿತ್ರಕ್ಕೆ 2024ರಲ್ಲಿ ಹೀಗೆ ಬಂದ ವಯಸ್ಸು ಕನಿಷ್ಠ 51,200 ವರ್ಷ. ಯುರೋಪಿನಲ್ಲಿ 40,000 ವರ್ಷದ ಹಿಂದೆ ಮನುಷ್ಯನ ಬುದ್ಧಿ ಏಕಾಏಕಿ ಅರಳಿತು ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ಒಂದು ಕಡೆ ಬ್ಲೋಂಬೋಸ್, ಇನ್ನೊಂದು ಕಡೆ ಸುಲವೇಸಿ ಸೇರಿ ಆ ಪಾಠವನ್ನು ಕಿತ್ತುಹಾಕಿವೆ.

ನಮ್ಮ ಕಡೆಯ ಬಂಡೆಗಳು ಹೆಚ್ಚಾಗಿ ಗ್ರಾನೈಟ್, ಮರಳುಗಲ್ಲು. ಸುಣ್ಣದ ಪೊರೆಯ ಅನುಕೂಲ ಇಲ್ಲ. ಆದ್ದರಿಂದ ಬಾದಾಮಿಯ ಸುತ್ತಿನ ಚಿತ್ರಗಳಿಗಾಗಲಿ, ಗಂಗಾವತಿ ಕಡೆಯ ಹಿರೇಬೆಣಕಲ್ ಚಿತ್ರಗಳಿಗಾಗಲಿ ಯಾರಾದರೂ ‘ಇಷ್ಟೇ ಸಾವಿರ ವರ್ಷ’ ಎಂದು ಖಚಿತವಾಗಿ ಹೇಳಿದರೆ ಹೇಗೆ ಗೊತ್ತಾಯಿತು ಎಂದು ಮರುಪ್ರಶ್ನೆ ಹಾಕಿ.

ಫ್ರಾನ್ಸಿನ ಶೋವೆ ಗುಹೆಯ ಹತ್ತಿರ ಬರೋಣ. 1994ರ ಡಿಸೆಂಬರ್ 18ರಂದು ಮೂವರು ಗುಹಾನ್ವೇಷಕರು ಅದರೊಳಗೆ ಇಳಿದರು. ಹಳೆಯ ಚಿತ್ರಗಳಿಗೆ ಸುಮಾರು 36,000 ವರ್ಷ. ಅಲ್ಲಿ ಕುದುರೆಗಳ ಫಲಕ ಒಂದಿದೆ. ನಾಲ್ಕು ಕುದುರೆ ತಲೆಗಳು ಒಂದರ ಹಿಂದೆ ಒಂದು. ಬರೆದವರ ಕೆಲಸದ ಕ್ರಮ ನೋಡಿ. ಮೊದಲು ಗೋಡೆಯ ಮೇಲ್ಪದರವನ್ನು ಕೆರೆದು ಬಿಳಿ ಮೈ ಬರಿಸಿದ್ದಾರೆ. ಪೈನ್ ಮರದ ಇದ್ದಿಲಿನಲ್ಲಿ ಗೆರೆ ಎಳೆದಿದ್ದಾರೆ. ಇದ್ದಿಲನ್ನು ಬೆರಳಿನಿಂದ, ಅಂಗೈಯಿಂದ ಉಜ್ಜಿ ಗೋಡೆಯ ಬಿಳಿಯ ಜೊತೆ ಕಲೆಸಿ ಕೆನ್ನೆಗೆ, ಕತ್ತಿಗೆ ನೆರಳು ತಂದಿದ್ದಾರೆ. ಕೊನೆಗೆ ಮೂತಿಯ ಅಂಚಿನುದ್ದಕ್ಕೂ ಸಣ್ಣಗೆ ಕೊರೆದು ತಲೆ ಎದ್ದು ಕಾಣುವಂತೆ ಮಾಡಿದ್ದಾರೆ. ಕುದುರೆ ಗುಹೆಯೊಳಗೆ ಬಂದು ನಿಂತಿರಲಿಲ್ಲ. ಹೊರಗೆ ಬಯಲಿನಲ್ಲಿ ಕಂಡದ್ದನ್ನು ಕಣ್ಣಲ್ಲಿ ಕಟ್ಟಿಕೊಂಡು ಕತ್ತಲೆಯ ಒಳಗೆ ಬಂದು, ಮಿಣುಕುವ ಬೆಳಕಿನಲ್ಲಿ ಇಳಿಸಿದ್ದಾರೆ.

ಆ ಕಣ್ಣು ಎಷ್ಟು ನಿಖರವಾಗಿತ್ತು ಎನ್ನುವುದಕ್ಕೆ ಪುರಾವೆಯಿದೆ. ಶೋವೆಯ ಗಂಡು ಸಿಂಹಗಳಿಗೆ ಕೇಸರವಿಲ್ಲ. ಹೆಣ್ಣು ಇರಬೇಕು ಎನ್ನೋಣವೆಂದರೆ ವೃಷಣವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಆ ಕಾಲದ ಗುಹಾಸಿಂಹಗಳ ಗಂಡಿಗೆ ಕೇಸರ ಇರಲಿಲ್ಲ ಎಂದು ಇಂದು ನಾವು ತಿಳಿದಿರುವುದು ಬಹುಮಟ್ಟಿಗೆ ಈ ಚಿತ್ರಕಾರರಿಂದಲೇ. ಕೂದಲು ಎಲುಬಿನಲ್ಲಿ ಉಳಿಯುವುದಿಲ್ಲವಲ್ಲ. ಇನ್ನೊಂದು ಉದಾಹರಣೆ ಫ್ರಾನ್ಸಿನದೇ ಪೆಶ್ ಮೆರ್ಲ್ ಗುಹೆಯ ಚುಕ್ಕೆ ಕುದುರೆಗಳು. ಬಿಳಿ ಮೈ ತುಂಬ ಕಪ್ಪು ಚುಕ್ಕೆ. ಇಂತಹ ಕುದುರೆ ಆ ಕಾಲದಲ್ಲಿ ಎಲ್ಲಿಂದ ಬರಬೇಕು, ಚುಕ್ಕೆಗಳು ಏನೋ ಸಂಕೇತ ಇರಬೇಕು ಎಂದು ಪುಟಗಟ್ಟಲೆ ಬರೆದವರಿದ್ದಾರೆ. 2011ರಲ್ಲಿ ಪುರಾತನ ಕುದುರೆಗಳ ಎಲುಬು, ಹಲ್ಲುಗಳಿಂದ ಡಿಎನ್‌ಎ ತೆಗೆದು ನೋಡಿದಾಗ ಮೈಮೇಲೆ ಅಂತಹ ಚುಕ್ಕೆ ಮೂಡಿಸುವ ವಂಶವಾಹಿ ಆ ಕಾಲದ ಯುರೋಪಿನ ಕುದುರೆಗಳಲ್ಲಿ ಇತ್ತು. ಚಿತ್ರಕಾರ ಕಂಡದ್ದನ್ನು ಬರೆದಿದ್ದ ಸಾಧ್ಯತೆಯೇ ಹೆಚ್ಚು. ಅತಿ ಬುದ್ಧಿವಂತಿಕೆ ನಮ್ಮದಾಗಿತ್ತು.

ಇಲ್ಲಿ ಒಂದು ತಕರಾರನ್ನು ನಿಮ್ಮ ಮುಂದೆ ಇಡಬೇಕು. 1998ರಲ್ಲಿ ನಿಕೊಲಸ್ ಹಂಫ್ರಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಲೇಖನ ಬರೆದರು. ಇಂಗ್ಲೆಂಡಿನಲ್ಲಿ ಆಟಿಸಂ ಇದ್ದ ಒಂದು ಹೆಣ್ಣುಮಗು ಮಾತು ಬರುವ ಮೊದಲೇ, ಮೂರು ನಾಲ್ಕು ವರ್ಷದ ವಯಸ್ಸಿಗೇ, ಓಡುವ ಕುದುರೆಗಳನ್ನು ದಂಗುಬಡಿಸುವಂತೆ ಬರೆಯುತ್ತಿತ್ತು. ಹಂಫ್ರಿ ಆ ಚಿತ್ರಗಳನ್ನೂ ಶೋವೆಯ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರು. ಹೋಲಿಕೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಮಗು ಮಾತು ಕಲಿಯುತ್ತ ಹೋದಂತೆ ಆ ಕೌಶಲ ಕುಗ್ಗಿತು. ಹಾಗಾದರೆ ಚಂದದ ಚಿತ್ರ ಕಂಡ ಕೂಡಲೇ ನಮ್ಮಂತಹದೇ ಭಾಷೆ, ನಮ್ಮಂತಹದೇ ಮನಸ್ಸು ಇತ್ತೆಂದು ಹೇಗೆ ಹೇಳುತ್ತೀರಿ ಎನ್ನುವುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಚಿತ್ರವನ್ನಷ್ಟೇ ನೋಡಿದರೆ ಇದಕ್ಕೆ ಉತ್ತರವಿಲ್ಲ. ಕೆಲಸವನ್ನು ನೋಡಿದರೆ ಸ್ವಲ್ಪ ಉತ್ತರ ಸಿಗುತ್ತದೆ. ಆ ಮಗುವಿಗೆ ಕಾಗದ, ಪೆನ್ನು ಬೇರೆಯವರು ಕೊಟ್ಟದ್ದು. ಶೋವೆಯಲ್ಲಿ ಇದ್ದಿಲು ಮಾಡಿ ಒಳಗೆ ತಂದವರು, ದೀಪ ಕಾಪಾಡಿದವರು, ಗೋಡೆ ಹದ ಮಾಡಿದವರು ಎಲ್ಲ ಬೇಕು. ಫ್ರಾನ್ಸಿನದೇ ಆದ ಲಸ್ಕೋ ಗುಹೆಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಎತ್ತರದ ಗೋಡೆಯಲ್ಲಿ ಸಾರುವೆಯ ಮರಗಳನ್ನು ಸಿಕ್ಕಿಸಿದ ಗುಂಡಿಗಳಿವೆ, ಪ್ರಾಣಿಯ ಕೊಬ್ಬು ಉರಿಸಿದ ಕಲ್ಲಿನ ದೀಪಗಳು ಸಿಕ್ಕಿವೆ. ಸಾರುವೆ ಕಟ್ಟಲು ಹಲವರು ಒಬ್ಬರಿಗೊಬ್ಬರು ಹೇಳಿಕೊಂಡು ಕೆಲಸ ಮಾಡಬೇಕು. ಹಂಫ್ರಿ ಅವರನ್ನು ಇದು ಪೂರ್ತಿ ಸುಮ್ಮನಾಗಿಸುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ.

ಕಂಡದ್ದನ್ನು ಬರೆಯುವ ಮಾತಾಯಿತು. ಕಾಣದ್ದನ್ನು ಮಾಡಿದ್ದೂ ಇದೆ. ಜರ್ಮನಿಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆಯಲ್ಲಿ 1939ರ ಆಗಸ್ಟ್ ಕೊನೆಯಲ್ಲಿ ದಂತದ ಚೂರುಗಳ ರಾಶಿ ಸಿಕ್ಕಿತು. ಒಂದು ವಾರದಲ್ಲಿ ಯುದ್ಧ ಶುರುವಾಯಿತು, ಚೂರುಗಳು ಪೆಟ್ಟಿಗೆ ಸೇರಿದವು. 1969ರಲ್ಲಿ ಯೋಆಕಿಮ್ ಹಾನ್ ಅವನ್ನು ಜೋಡಿಸತೊಡಗಿದರು. ಮುಂದೆ ಇನ್ನಷ್ಟು ಚೂರು ಸೇರಿ ಪೂರ್ತಿಯಾಗಿ ಎದ್ದು ನಿಂತದ್ದು ಸುಮಾರು 31 ಸೆಂಟಿಮೀಟರ್ ಎತ್ತರದ ವಿಗ್ರಹ, ಕಾಲ ಸುಮಾರು 40,000 ವರ್ಷ. ಮನುಷ್ಯನ ನಿಲುವು, ಸಿಂಹದ ತಲೆ. ನಮ್ಮವರು ಕೂಡಲೇ ನರಸಿಂಹ ಎನ್ನುತ್ತಾರೆ. ಬೇಡ, ದಯವಿಟ್ಟು. ನಡುವೆ ಇರುವುದು ಮೂವತ್ತೈದು ಸಾವಿರಕ್ಕೂ ಹೆಚ್ಚು ವರ್ಷಗಳ ಕಂದಕ. ಎರಡು ಜೀವಗಳನ್ನು ಒಂದು ಮೈಯಲ್ಲಿ ಬೆಸೆಯುವ ಮನಸ್ಸು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಬಲ್ಲದು ಎಂದಷ್ಟೇ ಹೇಳಿ ಬಿಡೋಣ.

ಈ ವಿಗ್ರಹವನ್ನು ಮತ್ತೆ ಮಾಡಿ ನೋಡಿದ್ದಾರೆ. ಕಲ್ಲಿನ ಉಪಕರಣಗಳನ್ನೇ ಬಳಸಿ ಕೆತ್ತಿದಾಗ ಸುಮಾರು 400 ಗಂಟೆ ಹಿಡಿಯಿತು. ಬೇಟೆಯಾಡಿ, ಕಾಯಿಗೆಡ್ಡೆ ಕೂಡಿಸಿ ಬದುಕುವ ಸಣ್ಣ ಗುಂಪು, ಹಿಮಯುಗದ ಚಳಿ. ಒಬ್ಬ ವ್ಯಕ್ತಿ ಅಷ್ಟು ಗಂಟೆ ಮ್ಯಾಮತ್ ಎಂಬ ಹಿಮಯುಗದ ಆನೆಯ ದಂತ ಕೆರೆಯುತ್ತ ಕೂತರೆ ಅಷ್ಟು ಕಾಲ ಅವರ ಊಟ ಯಾರೋ ತರಬೇಕು. ತಂದಿದ್ದಾರೆ. ಅಂದರೆ ಕೈಗೆ ಸಿಗದ, ಕಾಡಿನಲ್ಲಿ ಎಲ್ಲೂ ಇಲ್ಲದ ಒಂದು ಜೀವಿಯನ್ನು ಕೆತ್ತುವುದು ಹೊಟ್ಟೆಯ ಕೆಲಸದಷ್ಟೇ ಮುಖ್ಯ ಎಂದು ಗುಂಪು ಒಪ್ಪಿತ್ತು. ವಿಗ್ರಹದ ಮೈ ಅಲ್ಲಲ್ಲಿ ನುಣುಪಾಗಿ ಸವೆದಿದೆ, ಕೈಯಿಂದ ಕೈಗೆ ದಾಟಿದ್ದಿರಬೇಕು ಎಂದು ಬ್ರಿಟಿಷ್ ಮ್ಯೂಸಿಯಂನವರು ಹೇಳುತ್ತಾರೆ.

ಇನ್ನು ಅರ್ಥದ ಗೊಡವೆ. ಬೇಟೆ ಫಲಿಸಲೆಂದು ಚಿತ್ರ ಬರೆದರು ಎನ್ನುವ ವಾದ ಶಾಲೆಯ ಪುಸ್ತಕಗಳಲ್ಲಿ ಇನ್ನೂ ಇದೆ. ಲಸ್ಕೋದಲ್ಲಿ ಸಿಕ್ಕ ಮೂಳೆಗಳಲ್ಲಿ ಬಹುಪಾಲು ಹಿಮಸಾರಂಗದ್ದು; ಗೋಡೆಯ ನೂರಾರು ಪ್ರಾಣಿಗಳಲ್ಲಿ ಹಿಮಸಾರಂಗ ಒಂದೇ ಒಂದು. ತಿಂದದ್ದು ಒಂದು, ಬರೆದದ್ದು ಇನ್ನೊಂದು. ಆ ವಾದಕ್ಕೆ ಅಷ್ಟು ಸಾಕು.

ಅರ್ಥ ಸ್ವಲ್ಪವಾದರೂ ಸಿಕ್ಕಿರುವ ಒಂದು ಜಾಗ ದಕ್ಷಿಣ ಆಫ್ರಿಕಾ. ಅಲ್ಲಿನ ಮೂಲನಿವಾಸಿಗಳಾದ ಸ್ಯಾನ್ ಜನರು 19ನೆಯ ಶತಮಾನದವರೆಗೂ ಬಂಡೆಗಳ ಮೇಲೆ ಬರೆಯುತ್ತಿದ್ದರು. ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಗೇಮ್ ಪಾಸ್ ಎಂಬ ಕಲ್ಲಾಸರೆಯಲ್ಲಿ ಒಂದು ಚಿತ್ರವಿದೆ. ಈಲಂಡ್ ಎಂಬ ದೊಡ್ಡ ಹುಲ್ಲೆ ಸಾಯುತ್ತಿದೆ. ತಲೆ ಜೋತುಬಿದ್ದಿದೆ, ಮೈಕೂದಲು ನಿಮಿರಿದೆ, ಹಿಂಗಾಲುಗಳು ತೊಡರಿಕೊಂಡಿವೆ. ಅದರ ಬಾಲ ಹಿಡಿದು ಒಬ್ಬ ನಿಂತಿದ್ದಾನೆ. ಅವನ ಕಾಲೂ ಹಾಗೆಯೇ ತೊಡರಿದೆ, ಪಾದದ ಜಾಗದಲ್ಲಿ ಗೊರಸಿದೆ. ನಾವು ನೋಡಿದ್ದರೆ ಬೇಟೆಯ ಚಿತ್ರ ಎಂದು ಬರೆದು ಮುಂದೆ ಹೋಗುತ್ತಿದ್ದೆವು. ಆದರೆ 1870ರ ದಶಕದಲ್ಲಿ ಕೇಪ್ ಟೌನ್‌ನಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಅವರು ಸ್ಯಾನ್ ಕೈದಿಗಳನ್ನು ಮನೆಯಲ್ಲೇ ಇರಿಸಿಕೊಂಡು, ಅವರ ಭಾಷೆ ಕಲಿತು, ಅವರು ಹೇಳಿದ ಕತೆ, ನಂಬಿಕೆಗಳನ್ನು ಸಾವಿರಾರು ಪುಟ ಬರೆದುಕೊಂಡಿದ್ದರು. ನೂರು ವರ್ಷದ ಮೇಲೆ ಡೇವಿಡ್ ಲೂಯಿಸ್-ವಿಲಿಯಮ್ಸ್ ಆ ಪುಟಗಳನ್ನು ಹಿಡಿದು ಚಿತ್ರ ನೋಡಿದರು. ಕುಣಿದು ಕುಣಿದು ಮೈಮರೆಯುವ ಮಾಂತ್ರಿಕನ ಸ್ಥಿತಿಯನ್ನು ಸ್ಯಾನ್ ಜನ ಸಾವು ಎಂದೇ ಕರೆಯುತ್ತಿದ್ದರು. ಈಲಂಡ್ ಅವರ ಪಾಲಿಗೆ ಶಕ್ತಿ ತುಂಬಿದ ಪ್ರಾಣಿ. ಅಲ್ಲಿ ಸಾಯುತ್ತಿರುವುದು ಹುಲ್ಲೆ, ಅದರ ಶಕ್ತಿಯೊಳಗೆ ‘ಸಾಯುತ್ತಿರುವವನು’ ಮಾಂತ್ರಿಕ.

ಮಾತು ಉಳಿದದ್ದರಿಂದ ಅರ್ಥ ಉಳಿಯಿತು. ಇದೇ ವಿವರಣೆಯನ್ನು ಹೊತ್ತುಕೊಂಡು ಹೋಗಿ 17,000 ವರ್ಷ ಹಳೆಯ ಲಸ್ಕೋಗೆ ಹೊದಿಸಿದವರೂ ಇದ್ದಾರೆ, ಲೂಯಿಸ್-ವಿಲಿಯಮ್ಸ್ ಅವರೇ ಆ ಕೆಲಸ ಮಾಡಿದರು. ನನಗೆ ಅದು ಒಪ್ಪಿಗೆಯಿಲ್ಲ. ಲಸ್ಕೋಗೆ ಬ್ಲೀಕ್ ಇರಲಿಲ್ಲ.

ನಮ್ಮ ಬಳ್ಳಾರಿಗೆ ಬರುತ್ತೇನೆ. ಊರಿಗೆ ಹತ್ತಿರದಲ್ಲೇ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿವೆ. ಇಲ್ಲಿನದು ಹಿಮಯುಗದ ಕಲೆಯಲ್ಲ, ಕಾಲದಲ್ಲಿ ಬಹಳ ಈಚಿನದು. ಹೆಚ್ಚಿನವು ನವಶಿಲಾಯುಗದವು, ಸುಮಾರು 5,000ದಿಂದ 3,000 ವರ್ಷಗಳ ಹಿಂದಿನ ದನಗಾಹಿಗಳದ್ದು. ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಬೂದಿದಿಬ್ಬಗಳನ್ನು ಬಿಟ್ಟುಹೋದರಲ್ಲ, ಅವರೇ. ಕಪ್ಪಗಲ್ಲಿನ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಡೋಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಚಿತ್ರಗಳು ಈ ಕಪ್ಪು ಬಂಡೆಗಳ ಮೇಲೆ ಇವೆ, ಬಣ್ಣದಲ್ಲಿ ಬರೆದವಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಕುಟ್ಟಿದಲ್ಲಿ ಕಪ್ಪು ಮೇಲ್ಪದರ ಹೋಗಿ ತಿಳಿಬಣ್ಣ ಬರುತ್ತದೆ. ಸಾವಿರಾರು ವರ್ಷದ ಬಿಸಿಲು ಮಳೆಗೆ ಅದು ಮತ್ತೆ ಕಪ್ಪಾಗುತ್ತದೆ. ಹೀಗಾಗಿ ತೀರ ಕಪ್ಪಾದದ್ದು ಹಳೆಯದು, ಬೆಳ್ಳಗಿರುವುದು ಈಚಿನದು ಎಂದು ಸ್ಥೂಲವಾಗಿ ಹೇಳಬಹುದು. ಉದ್ದ ಕೊಂಬಿನ, ಇಣಿಯಿರುವ ದನಗಳೇ ಹೆಚ್ಚು. ಜೊತೆಗೆ ಗಂಡಸರ ಆಕೃತಿಗಳಿವೆ.

ಈ ಜಾಗವನ್ನು 1892ರಲ್ಲೇ ಫಾಸೆಟ್ ಎಂಬುವರು ವರದಿ ಮಾಡಿದ್ದರು. ಆಮೇಲೆ ವಿದ್ವಾಂಸರು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು. 2000ದ ನಂತರ ನಿಕೋಲ್ ಬೋಯ್ವಿನ್ ಮತ್ತೆ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ ಎರಡು ಸಂಗತಿಗಳನ್ನು ಹೇಳಬೇಕು. ಒಂದು, ಕೆಲವು ಚಿತ್ರಗಳು ಎಂತಹ ಜಾಗದಲ್ಲಿವೆ ಎಂದರೆ ಕುಟ್ಟಿದವರು ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು. ಎರಡು, ಕೆಲವು ಡೋಲರೈಟ್ ಬಂಡೆಗಳ ಮೇಲೆ ಚಿತ್ರವಲ್ಲದ ಸಣ್ಣ ತಗ್ಗುಗಳಿವೆ. ಒಂದು ಗುಂಡುಕಲ್ಲು ತೆಗೆದುಕೊಂಡು ಆ ತಗ್ಗಿಗೆ ಬಡಿದರೆ ಬಂಡೆ ಜಾಗಟೆಯ ಹಾಗೆ ಮೊಳಗುತ್ತದೆ. ಅಷ್ಟು ತಗ್ಗಾಗಬೇಕಾದರೆ ಎಷ್ಟು ಸಲ ಬಡಿದಿರಬೇಕು! ಹಂಪಿಯ ವಿಠಲನ ಗುಡಿಯ ಕಂಬಗಳು ನಿಮಗೆ ನೆನಪಾಗಬಹುದು, ದೂರವೂ ಹೆಚ್ಚೇನಿಲ್ಲ. ಆದರೆ ಎರಡಕ್ಕೂ ನಂಟು ಕಟ್ಟಲು ಹೋಗಬೇಡಿ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದು. ಪ್ರಾಚೀನ ಕಲೆಯನ್ನು ನಾವು ಪುಸ್ತಕದ ಹಾಳೆಯಲ್ಲಿ, ಕಣ್ಣಿನಿಂದ ಮಾತ್ರ ನೋಡಿ ಅಭ್ಯಾಸವಾದವರು. ಕಪ್ಪಗಲ್ಲಿನಲ್ಲಿ ಒಂದು ದನದ ಚಿತ್ರ ಮೂಡಬೇಕಾದರೆ ನೂರಾರು ಏಟು ಬೀಳಬೇಕು, ಪ್ರತಿ ಏಟಿಗೂ ಸದ್ದು ಇದೆ. ಬೆಟ್ಟದ ಕೆಳಗೆ ದನ ಮೇಯಿಸುತ್ತಿದ್ದವರಿಗೆ ಮೇಲೆ ಯಾರೋ ಚಿತ್ರ ಬರೆಯುತ್ತಿದ್ದಾರೆ ಎನ್ನುವುದು ಮೊದಲು ಕೇಳಿಸುತ್ತಿತ್ತು, ಕಾಣುವುದು ಆಮೇಲೆ. ಬರೆದು ಮುಗಿದ ಚಿತ್ರ ಮುಖ್ಯವಾಗಿತ್ತೋ, ಜೋತುಬಿದ್ದು ಕುಟ್ಟಿ ಸದ್ದೆಬ್ಬಿಸುವ ಆ ಹೊತ್ತು ಮುಖ್ಯವಾಗಿತ್ತೋ? ನನ್ನ ಒಲವು ಎರಡನೆಯದರ ಕಡೆಗೆ. ಬೆಟ್ಟದ ಒಂದು ಭಾಗವನ್ನು ಕಲ್ಲುಗಣಿ ಆಗಲೇ ತಿಂದಿದೆ. ಚಿತ್ರವನ್ನು ಕತ್ತರಿಸಿ ವಸ್ತುಸಂಗ್ರಹಾಲಯಕ್ಕೆ ಒಯ್ದು ಉಳಿಸಬಹುದೇನೋ, ಬಂಡೆ ಇದ್ದ ಜಾಗದಲ್ಲಿ ಇಲ್ಲದಿದ್ದರೆ ಆ ನಾದವನ್ನು ಉಳಿಸಲಾಗುವುದಿಲ್ಲ.

ನೋಡಲು ಹೋಗುವವರಿಗೆ ಎರಡು ಮಾತು. ಕುಟ್ಟಿದ ಚಿತ್ರಗಳು ನಡುಹಗಲಿನ ಬಿಸಿಲಿಗೆ ಕಾಣುವುದಿಲ್ಲ, ಬೆಳಿಗ್ಗೆ ಅಥವಾ ಸಂಜೆಯ ಓರೆ ಬೆಳಕಿಗೆ ಎದ್ದು ಬರುತ್ತವೆ. ಹಿರೇಬೆಣಕಲ್, ಆನೆಗೊಂದಿಯ ಒನಕೆ ಕಿಂಡಿಯಂತಹ ಕಡೆ ಜಾಜಿನ ಚಿತ್ರ ಮಸುಕಾಗಿದ್ದರೆ ಕೆಲವರು ಬಾಟಲಿಯ ನೀರು ಎರಚಿ ಫೋಟೊ ತೆಗೆಯುತ್ತಾರೆ. ಬಣ್ಣ ಆ ಕ್ಷಣಕ್ಕೆ ಗಾಢವಾಗಿ ಕಾಣುತ್ತದೆ, ನೀರಿನ ಜೊತೆ ಲವಣ ಬಂದು ಬಂಡೆಯ ಮೈ ಹಾಳಾಗುತ್ತದೆ. ಒಣಗಿರುವಂತೆಯೇ ಫೋಟೊ ತೆಗೆದು ಮನೆಗೆ ಬನ್ನಿ. ಡಿ-ಸ್ಟ್ರೆಚ್ ಎಂಬ ತಂತ್ರಾಂಶವಿದೆ, ಕಣ್ಣಿಗೆ ಕಾಣದ ಕೆಂಪನ್ನೂ ಅದು ಕಂಪ್ಯೂಟರ್ ಪರದೆಯ ಮೇಲೆ ಎತ್ತಿ ತೋರಿಸುತ್ತದೆ.

ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆ: ಯುರೋಪಿನಲ್ಲಿ ನಮಗಿಂತ ಮೊದಲು ಇದ್ದು ಅಳಿದುಹೋದ ಮಾನವ ಬಳಗದವರಾದ ನಿಯಾಂಡರ್ತಾಲರೂ ಚಿತ್ರ ಬರೆದರೇ? ಸ್ಪೇನಿನ ಮೂರು ಗುಹೆಗಳ ಕೆಂಪು ಗುರುತುಗಳಿಗೆ ಕನಿಷ್ಠ 64,000 ವರ್ಷ ಎಂದು 2018ರಲ್ಲಿ ಪ್ರಕಟವಾಯಿತು. ಆಗ ಅಲ್ಲಿ ನಮ್ಮ ಜೀವಜಾತಿಯವರು ಇರಲಿಲ್ಲ, ಆದ್ದರಿಂದ ನಿಯಾಂಡರ್ತಾಲರದ್ದೇ ಎನ್ನುವುದು ವಾದ. ಸುಣ್ಣದ ಪೊರೆಯಿಂದ ಯುರೇನಿಯಂ ಸೋರಿಹೋಗಿದ್ದರೆ ವಯಸ್ಸು ಸುಳ್ಳೇ ಹೆಚ್ಚಾಗಿ ಬರುತ್ತದೆ ಎಂದು ಆಕ್ಷೇಪಿಸಿದವರಿದ್ದಾರೆ, ಜಗಳ ಮುಗಿದಿಲ್ಲ. ಆದರೆ ಫ್ರಾನ್ಸಿನ ಬ್ರೂನಿಕೆಲ್ ಗುಹೆಯ ಬಗ್ಗೆ ಅಂತಹ ಜಗಳವಿಲ್ಲ. ಬಾಗಿಲಿನಿಂದ 336 ಮೀಟರ್ ಒಳಗೆ, ಹಗಲಿನ ಬೆಳಕು ತಲುಪದ ಜಾಗದಲ್ಲಿ, ನೆಲದಿಂದ ಬೆಳೆದ ಸುಣ್ಣದ ಕಂಬಗಳನ್ನು ಮುರಿದು, ಸುಮಾರು 400 ತುಂಡುಗಳನ್ನು ಬಳೆಯಾಕಾರದಲ್ಲಿ ಜೋಡಿಸಿದ್ದಾರೆ, ಅವುಗಳ ಮೇಲೆ ಬೆಂಕಿ ಹಾಕಿದ್ದಾರೆ. ಒಟ್ಟು ತೂಕ 2 ಟನ್ನಿಗೂ ಹೆಚ್ಚು. ಕಾಲ ಸುಮಾರು 1,76,000 ವರ್ಷ. ಯುರೋಪಿನಲ್ಲಿ ಆಗ ಇದ್ದವರು ನಿಯಾಂಡರ್ತಾಲರು ಮಾತ್ರ. ಅದಕ್ಕೆ ಚಿತ್ರ ಎನ್ನಲು ಬರುವುದಿಲ್ಲ, ಮನೆ ಎನ್ನಲೂ ಬರುವುದಿಲ್ಲ. ಸ್ಪೇನಿನ ಕೆಂಪು ಗೆರೆಗಳ ವಿಷಯದಲ್ಲಿ ನಾನು ಕಾದು ನೋಡುವ ಗುಂಪಿನವನು. ಬ್ರೂನಿಕೆಲ್‌ನಲ್ಲಿ ಬೆಳಕು ಹಿಡಿದವರು, ಮುರಿದವರು, ಹೊತ್ತವರು, ಎಲ್ಲಿಡಬೇಕೆಂದು ಹೇಳಿದವರು ಬೇರೆ ಬೇರೆಯವರಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.